ಮ್ಯಾಕ್ ಎಂಬ ಮಣೆ, ಅದರ ಮೇಲಿನ ಆಟ

ನಮ್ಮ ಬಳಗದ ತಿಂಗಳ ಕೂಟದಲ್ಲಿ ಪುಸ್ತಕದ ಮಾತು ಮುಗಿದು ಚಹಾ ಬರುವ ಹೊತ್ತಿಗೆ ಈಚೀಚೆಗೆ ಒಂದು ಪ್ರಶ್ನೆ ತಪ್ಪದೆ ಏಳುತ್ತದೆ. ಮಗನೋ ಮಗಳೋ ಕಾಲೇಜಿಗೆ ಸೇರಿದ್ದಾರೆ, ಮ್ಯಾಕ್ ಕೇಳುತ್ತಿದ್ದಾರೆ, ಅದರಲ್ಲಿ ಗೇಮ್ ಕೂಡ ಆಡಬೇಕೆನ್ನುತ್ತಿದ್ದಾರೆ, ಯಾವುದನ್ನು ಕೊಡಿಸುವುದು? ಕೇಳಿದವರಿಗೆ ಎರಡು ದಿಕ್ಕಿನಿಂದ ಎರಡು ಸಿದ್ಧ ಉತ್ತರಗಳು ಬರುತ್ತವೆ. ಮ್ಯಾಕ್‌ನಲ್ಲಿ ಗೇಮ್ ಆಡುವುದುಂಟೇ, ಸುಮ್ಮನೆ ವಿಂಡೋಸ್ ತೆಗೆದುಕೊಳ್ಳಿ ಎಂಬುದು ಒಂದು. ಗೇಮ್ ಆಡುವುದಾದರೆ ಪ್ರೊ ಮಾದರಿಯೇ ಬೇಕು, ಅದರಲ್ಲೂ ಮೇಲಿನದು ಎಂಬ ಅಂಗಡಿಯವರ ಉಪದೇಶ ಇನ್ನೊಂದು. ಎರಡೂ ಕೇಳುವವರ ಮನೆಯನ್ನಾಗಲೀ ಅವರು ಆಡಬಯಸುವ ಆಟವನ್ನಾಗಲೀ ನೋಡದೆ ಕೊಡುವ ಉತ್ತರಗಳೆಂದು ನಮ್ಮ ಅಭಿಪ್ರಾಯ. ಮೊದಲನೆಯದನ್ನು ನಂಬಿದವರು ಸಲ್ಲದ ಕಾರಣಕ್ಕೆ ಒಂದು ಒಳ್ಳೆಯ ಯಂತ್ರವನ್ನು ಬಿಡುತ್ತಾರೆ. ಎರಡನೆಯದನ್ನು ನಂಬಿದವರು ಒಂದೂವರೆ ಲಕ್ಷ ತೆತ್ತು, ತಾವು ಆಡಬೇಕೆಂದಿದ್ದ ಆಟವೇ ಅದರಲ್ಲಿ ಸಿಗುವುದಿಲ್ಲವೆಂದು ಆಮೇಲೆ ತಿಳಿಯುತ್ತಾರೆ.

ಸಾಹಿತ್ಯದ ಬಳಗಕ್ಕೆ ಈ ಉಸಾಬರಿ ಏಕೆ ಎಂದು ಕೇಳುವವರಿದ್ದಾರೆ. ಊರು ಬಿಟ್ಟು ಬಂದ ನಮ್ಮಂಥವರ ಬಾಡಿಗೆ ಮನೆಗಳಲ್ಲಿ ಕಂಪ್ಯೂಟರಿಗೆ ಬೇರೆ ಕೋಣೆಯಿಲ್ಲ. ಹಗಲು ಕಚೇರಿಯ ಕೆಲಸ ಮಾಡುವ, ಸಂಜೆ ಕನ್ನಡದ ಲೇಖನ ಟೈಪ್ ಮಾಡುವ, ರಾತ್ರಿ ಮಕ್ಕಳು ಆಡುವ ಯಂತ್ರ ಒಂದೇ. ಹಾಗಿರುವಾಗ ಅದರ ಆಯ್ಕೆ ಮನೆಯವರೆಲ್ಲರ ವಿಷಯ. ಎರಡನೆಯದಾಗಿ, ಗೇಮ್ ಎಂದರೆ ಹೊತ್ತುಗಳೆಯುವ ಹುಚ್ಚು ಎಂಬ ಹಿರಿಯರ ತಾತ್ಸಾರವನ್ನು ನಾವು ಒಪ್ಪುವುದಿಲ್ಲ. ಕರಾವಳಿಯವರಿಗೆ 'ಆಟ' ಎಂದರೆ ಯಕ್ಷಗಾನ. ಇಡೀ ರಾತ್ರಿ ಕಣ್ಣುಬಿಟ್ಟು ನೋಡಿದ ಕಥೆಯನ್ನು ಆಟವೆಂದೇ ಕರೆದವರು ನಾವು. 2019ರಲ್ಲಿ ಬಂದ 'ಡಿಸ್ಕೋ ಎಲಿಸಿಯಮ್' ಎಂಬ ಗೇಮ್‌ನ ಮೂಲ ಕರ್ತೃ ರಾಬರ್ಟ್ ಕುರ್ವಿಟ್ಸ್ ಎಸ್ಟೋನಿಯಾದ ಕಾದಂಬರಿಕಾರ. ಸುಮಾರು 10 ಲಕ್ಷ ಪದಗಳ ಆ ಕೃತಿಯಲ್ಲಿ ಗುಂಡು ಹಾರಿಸುವುದಕ್ಕಿಂತ ಓದುವುದು, ಯೋಚಿಸುವುದು, ಮಾತಾಡುವುದೇ ಹೆಚ್ಚು. ಅದು 2020ರಲ್ಲಿ ಮ್ಯಾಕ್‌ಗೂ ಬಂತು, ಸಾಧಾರಣ ಮ್ಯಾಕ್‌ಬುಕ್ ಏರ್‌ನಲ್ಲಿ ಸಲೀಸಾಗಿ ನಡೆಯುತ್ತದೆ. ಓದುವ ಅಭ್ಯಾಸವಿರುವ ಮನೆಗೆ ಇಂಥ ಆಟಕ್ಕಾಗಿ ದುಬಾರಿ ಯಂತ್ರ ಬೇಕಿಲ್ಲ ಎಂಬ ಸಂಗತಿಯನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ.

ಮ್ಯಾಕ್‌ಗೂ ಗೇಮ್‌ಗೂ ಎಣ್ಣೆ ಸೀಗೆಕಾಯಿ ಸಂಬಂಧವೆಂಬ ನಂಬಿಕೆ ಎಲ್ಲಿಂದ ಬಂತೆಂದು ಸ್ವಲ್ಪ ನೋಡಬೇಕು, ಏಕೆಂದರೆ ಕೊಳ್ಳುವಾಗಿನ ಎಚ್ಚರವೆಲ್ಲ ಆ ಚರಿತ್ರೆಯಿಂದಲೇ ಹುಟ್ಟುತ್ತದೆ. ಆರಂಭದಲ್ಲಿ ಸ್ಥಿತಿ ಹೀಗಿರಲಿಲ್ಲ. ಜಗತ್ತಿನಲ್ಲಿ ಲಕ್ಷಾಂತರ ಪ್ರತಿ ಮಾರಾಟವಾದ 'ಮಿಸ್ಟ್' 1993ರಲ್ಲಿ ಮೊದಲು ಬಂದದ್ದು ಮ್ಯಾಕ್‌ಗೇ. ಮಿಲ್ಲರ್ ಸಹೋದರರು ಅದನ್ನು ಕಟ್ಟಿದ್ದು ಆಪಲ್‌ನ ಹೈಪರ್‌ಕಾರ್ಡ್ ಎಂಬ ತಂತ್ರಾಂಶದಲ್ಲಿ. ಮರುವರ್ಷ ಬಂಗೀ ಎಂಬ ಸಂಸ್ಥೆ 'ಮ್ಯಾರಥಾನ್' ತಂದಾಗ ಮ್ಯಾಕ್ ಉಳ್ಳವರು ಹೆಮ್ಮೆಪಟ್ಟರು. ಅದೇ ಬಂಗೀಯ 'ಹೇಲೋ' ಆಟವನ್ನು 1999ರಲ್ಲಿ ಸ್ಟೀವ್ ಜಾಬ್ಸ್ ಸ್ವತಃ ವೇದಿಕೆಯ ಮೇಲೆ ಪರಿಚಯಿಸಿದರು. ಮರುವರ್ಷ ಮೈಕ್ರೋಸಾಫ್ಟ್ ಬಂಗೀಯನ್ನೇ ಕೊಂಡಿತು. 2001ರಲ್ಲಿ 'ಹೇಲೋ' ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್‌ನ ಮುಖ್ಯ ಆಕರ್ಷಣೆಯಾಗಿ ಬಂತು. ಮ್ಯಾಕ್‌ಗೆ ಅದು ತಲಪಿದ್ದು 2003ರಲ್ಲಿ. ನಿಶ್ಚಿತಾರ್ಥ ಒಬ್ಬರೊಡನೆ, ಮದುವೆ ಇನ್ನೊಬ್ಬರೊಡನೆ.

ಆದರೆ ಮ್ಯಾಕ್‌ನ ಆಟಗಾರರನ್ನು ಹೆಚ್ಚು ಕಾಡಿದ್ದು ಹೊರಗಿನವರಲ್ಲ, ಆಪಲ್ ತಾನೇ. ಯಂತ್ರದ ಹೃದಯವಾದ ಚಿಪ್‌ನ ಜಾತಿಯನ್ನು ಅದು ಮೂರು ಸಲ ಬದಲಿಸಿದೆ: 1994ರಲ್ಲಿ ಪವರ್‌ಪಿಸಿ, 2006ರಲ್ಲಿ ಇಂಟೆಲ್, 2020ರ ನವೆಂಬರಿನಿಂದ ಎಂ1 ಮೊದಲ್ಗೊಂಡು ತನ್ನದೇ ಚಿಪ್. ಪ್ರತಿ ಸಲವೂ ಹಳೆಯ ತಂತ್ರಾಂಶ ಕೆಲಕಾಲ ನಡೆದು ಬಳಿಕ ನಿಂತಿತು. ಇಂಟೆಲ್ ಕಾಲದಲ್ಲಿ ಬೂಟ್ ಕ್ಯಾಂಪ್ ಎಂಬ ಅನುಕೂಲವಿತ್ತು. ಅದೇ ಯಂತ್ರದಲ್ಲಿ ವಿಂಡೋಸ್ ಹಾಕಿಕೊಂಡು ಬೇಕಾದ ಗೇಮ್ ಆಡಬಹುದಿತ್ತು. ಹೊಸ ಚಿಪ್‌ನೊಂದಿಗೆ ಅದು ಹೋಯಿತು. ಎಲ್ಲಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು 2019ರಲ್ಲಿ. ಆ ವರ್ಷದ ಕ್ಯಾಟಲಿನಾ ಆವೃತ್ತಿ 32 ಬಿಟ್ ತಂತ್ರಾಂಶಗಳನ್ನು ಪೂರ್ತಿ ಕೈಬಿಟ್ಟಿತು. ಹಣ ಕೊಟ್ಟು ಕೊಂಡಿದ್ದ 'ಪೋರ್ಟಲ್', 'ಹಾಫ್-ಲೈಫ್ 2' ಮೊದಲಾದ ಆಟಗಳು ಒಂದು ಅಪ್‌ಡೇಟ್‌ನಿಂದ ತೆರೆಯಲಾಗದ ಕಡತಗಳಾದವು. ಯಂತ್ರ ಕೆಟ್ಟಿರಲಿಲ್ಲ, ಆಟ ಹಾಳಾಗಿರಲಿಲ್ಲ. ನಡುವಣ ಒಪ್ಪಂದ ಮುರಿದಿತ್ತು.

ಇಲ್ಲಿ ನಮಗೆ ಚೆನ್ನೆಮಣೆಯ ನೆನಪಾಗುತ್ತದೆ. ಮುಂಬಯಿಯ ತುಳುವರ ಎಷ್ಟೋ ಮನೆಗಳಲ್ಲಿ ಊರಿನಿಂದ ತಂದ ಹದಿನಾಲ್ಕು ಗುಳಿಯ ಮಣೆ ಇಂದಿಗೂ ಅಟ್ಟದ ಮೇಲಿದೆ. ಆಟಿ ತಿಂಗಳಲ್ಲಿ ಅದನ್ನು ಕೆಳಗಿಳಿಸಿ ಕಾಳು ಹಾಕಿದರೆ ಅಜ್ಜಿ ಆಡಿದ ಆಟವನ್ನೇ ಮೊಮ್ಮಗಳೂ ಆಡಬಹುದು. ಅಲ್ಲಿ ಮಣೆ ಇದ್ದರೆ ಆಟ ಇದ್ದಂತೆ. ಮ್ಯಾಕ್‌ನಲ್ಲಿ ಹಾಗಲ್ಲ: ಮಣೆ ನಿಮ್ಮದು, ಗುಳಿಗಳು ಎಷ್ಟಿರಬೇಕು, ಎಲ್ಲಿರಬೇಕು ಎಂಬ ಅಧಿಕಾರ ಕಂಪನಿಯದು. ಇದನ್ನು ದೂರಲೆಂದು ಹೇಳುತ್ತಿಲ್ಲ. ಕೊಳ್ಳುವಾಗ ಎಷ್ಟು ಹಣ ಹಾಕುವುದು ವಿವೇಕ ಎಂಬ ಲೆಕ್ಕಕ್ಕೆ ಇದು ಬೇಕು. ಹತ್ತು ವರ್ಷದ ಆಟವನ್ನು ಮನಸ್ಸಿನಲ್ಲಿಟ್ಟುಕೊಂಡು ಮ್ಯಾಕ್ ಕೊಳ್ಳಬಾರದು. ಇಂದು ಸಿಗುವ ಆಟಗಳನ್ನು ನಾಲ್ಕೈದು ವರ್ಷ ಆಡಲು ಎಷ್ಟು ಬೇಕೋ ಅಷ್ಟಕ್ಕೇ ಕೊಳ್ಳಬೇಕು.

ಆದ್ದರಿಂದ ಅಂಗಡಿಗೆ ಹೋಗುವ ಮುನ್ನ ಮಾಡಬೇಕಾದ ಕೆಲಸ ಮಕ್ಕಳನ್ನು ಕೂರಿಸಿಕೊಂಡು ಆಟಗಳ ಪಟ್ಟಿ ಬರೆಸುವುದು. ಗೇಮ್ ಎಂದರೆ ಒಂದೇ ವಸ್ತುವಲ್ಲ. ಪಟ್ಟಿಯಲ್ಲಿ 'ವ್ಯಾಲರಂಟ್', 'ಜಿಟಿಎ 5', ಇಎ ಸಂಸ್ಥೆಯ ಫುಟ್‌ಬಾಲ್ ಇದ್ದರೆ ಮಾತು ಅಲ್ಲಿಗೇ ಮುಗಿಯಿತು. ಇವು ಮ್ಯಾಕ್‌ಗೆ ಸಿಗುವುದಿಲ್ಲ. 'ಕೌಂಟರ್-ಸ್ಟ್ರೈಕ್' ಒಂದು ಕಾಲದಲ್ಲಿ ಇತ್ತು. 2023ರಲ್ಲಿ ಎರಡನೆಯ ಆವೃತ್ತಿ ಬಂದಾಗ ಮ್ಯಾಕ್ ಅನ್ನು ಕೈಬಿಡಲಾಯಿತು. ಹಳೆಯ ಯಂತ್ರಗಳವರೂ ಮ್ಯಾಕ್‌ನವರೂ ಸೇರಿದರೂ ಆಡುವವರಲ್ಲಿ ಶೇಕಡಾ 1ಕ್ಕಿಂತ ಕಡಿಮೆ ಎಂಬುದು ತಯಾರಕರು ಕೊಟ್ಟ ಕಾರಣ. ಸ್ನೇಹಿತರೊಡನೆ ಆನ್‌ಲೈನ್ ಪಂದ್ಯ ಆಡುವುದೇ ಮುಖ್ಯವಾದ ಹುಡುಗನಿಗೆ ಎರಡು ಲಕ್ಷದ ಮ್ಯಾಕ್ ಕೊಡಿಸಿದರೂ ಅವನು ಗೆಳೆಯರ ಗುಂಪಿನಿಂದ ಹೊರಗೇ ಉಳಿಯುತ್ತಾನೆ. ಪರವೂರಿನಲ್ಲಿ ಬೆಳೆಯುವ ಮಕ್ಕಳಿಗೆ ಹೀಗೆ ಹೊರಗುಳಿಯುವುದು ಸಣ್ಣ ಸಂಗತಿಯಲ್ಲ.

ಇನ್ನೊಂದು ಬಗೆಯ ಪಟ್ಟಿಯಿರುತ್ತದೆ: 'ಮೈನ್‌ಕ್ರಾಫ್ಟ್', 'ಸ್ಟಾರ್‌ಡ್ಯೂ ವ್ಯಾಲಿ', 'ಹಾಲೋ ನೈಟ್', 'ಡೋಟಾ 2', 'ಫುಟ್‌ಬಾಲ್ ಮ್ಯಾನೇಜರ್'. ಇವಕ್ಕೆ ಇಂದಿನ ಅತ್ಯಂತ ಅಗ್ಗದ ಮ್ಯಾಕ್ ಸಾಕು, ಧಾರಾಳವಾಗಿ ಸಾಕು. ಮೂರನೆಯದು ಭಾರೀ ಆಟಗಳದ್ದು, ಮತ್ತು ಅಲ್ಲಿ ಪರಿಸ್ಥಿತಿ ಈಚೆಗೆ ನಿಜವಾಗಿಯೂ ಸುಧಾರಿಸಿದೆ. 2022ರಲ್ಲಿ 'ರೆಸಿಡೆಂಟ್ ಈವಿಲ್ ವಿಲೇಜ್', 2023ರಲ್ಲಿ 'ಬಾಲ್ಡರ್ಸ್ ಗೇಟ್ 3', 2025ರ ಜುಲೈಯಲ್ಲಿ 'ಸೈಬರ್‌ಪಂಕ್ 2077' ಮ್ಯಾಕ್‌ನ ಹೊಸ ಚಿಪ್‌ಗೆಂದೇ ಸಿದ್ಧವಾಗಿ ಬಂದವು. 'ಸಿವಿಲೈಸೇಶನ್ 7' ಮತ್ತು 'ಅಸ್ಯಾಸಿನ್ಸ್ ಕ್ರೀಡ್ ಶ್ಯಾಡೋಸ್' ಅದೇ ವರ್ಷ ಇತರ ಯಂತ್ರಗಳಿಗೆ ಬಂದ ದಿನವೇ ಮ್ಯಾಕ್‌ಗೂ ಬಂದವು. ಎರಡು ವರ್ಷ ಕಾದು ತಂಗಳು ಉಣ್ಣುತ್ತಿದ್ದವರಿಗೆ ಬಿಸಿ ಊಟ ಸಿಕ್ಕಂತೆ. ಯಂತ್ರದ ಆಯ್ಕೆಯಲ್ಲಿ ತಲೆಕೆಡಿಸಿಕೊಳ್ಳಬೇಕಾದದ್ದು ಈ ಮೂರನೆಯ ಪಟ್ಟಿಯವರು ಮಾತ್ರ.

ಅವರಿಗೆ ನಾವು ಹೇಳುವುದು: ಮೊದಲ ಹಣ ಮೆಮೊರಿಗೆ. ವಿಂಡೋಸ್ ಗೇಮಿಂಗ್ ಯಂತ್ರದಲ್ಲಿ ಸಾಮಾನ್ಯವಾಗಿ 16 ಜಿಬಿ ಮೆಮೊರಿ ಇದ್ದು, ಗ್ರಾಫಿಕ್ಸ್ ಕಾರ್ಡ್‌ಗೆ ಬೇರೆಯದೇ 8 ಜಿಬಿ ಇರುತ್ತದೆ. ಆಪಲ್ ಚಿಪ್‌ನಲ್ಲಿ ಈ ಭಾಗವಿಲ್ಲ. ಲೆಕ್ಕ ಮಾಡುವ ಭಾಗವೂ ಚಿತ್ರ ಬಿಡಿಸುವ ಭಾಗವೂ ಒಂದೇ ಹಂಡೆಯಿಂದ ನೀರು ತೆಗೆದುಕೊಳ್ಳುತ್ತವೆ. ಹಂಡೆ ಚಿಕ್ಕದಾದರೆ ಎಷ್ಟೇ ಚುರುಕಿನ ಚಿಪ್ ಇದ್ದರೂ ಆಟ ಬಿಕ್ಕಳಿಸುತ್ತದೆ. 'ಸೈಬರ್‌ಪಂಕ್'ಗೆ ಕನಿಷ್ಠ 16 ಜಿಬಿ ಬೇಕೇ ಬೇಕು. 8 ಜಿಬಿಯ ಹಳೆಯ ಮ್ಯಾಕ್‌ಗಳು ಬಾಗಿಲಲ್ಲೇ ನಿಲ್ಲುತ್ತವೆ. ಮುಖ್ಯ ಮಾತೆಂದರೆ ಇದನ್ನು ಆಮೇಲೆ ಸೇರಿಸಲು ಬರುವುದಿಲ್ಲ. ಮೊದಲು ಲ್ಯಾಪ್‌ಟಾಪಿನ ಬೆನ್ನು ಬಿಚ್ಚಿ ಎರಡು ಕಡ್ಡಿ ಮೆಮೊರಿ ಹಾಕಿಸಿಕೊಂಡು ಬರುತ್ತಿದ್ದೆವು. ಮ್ಯಾಕ್‌ನಲ್ಲಿ ಅದು ಚಿಪ್‌ನೊಂದಿಗೇ ಅಚ್ಚಾಗಿ ಬರುತ್ತದೆ. ಕೊಳ್ಳುವ ದಿನದ ನಿರ್ಧಾರವೇ ಕೊನೆಯ ನಿರ್ಧಾರ. 2024ರ ಅಕ್ಟೋಬರಿನಲ್ಲಿ ಆಪಲ್ ತನ್ನ ಆರಂಭದ ಮಾದರಿಗಳಿಗೂ 16 ಜಿಬಿ ಕೊಟ್ಟದ್ದು ಕೊಳ್ಳುವವರಿಗೆ ಆದ ದೊಡ್ಡ ಉಪಕಾರ. ಮೇಲೆ ಹೇಳಿದ ಹೆಚ್ಚಿನ ಆಟಗಳಿಗೆ ಅಷ್ಟು ಸಾಕು. ಭಾರೀ ಆಟಗಳನ್ನೇ ಆಡುವ, ಐದು ವರ್ಷ ಅದೇ ಯಂತ್ರವನ್ನು ಇಟ್ಟುಕೊಳ್ಳುವ ಯೋಚನೆಯಿದ್ದವರು 24 ಜಿಬಿಗೆ ಹೋಗುವುದು ಸಮರ್ಥನೀಯ. ಈ ಒಂದು ಮೆಟ್ಟಿಲಿಗೆ ಎಂ4 ಮಾದರಿಗಳಲ್ಲಿ ಆಪಲ್ ಕೇಳುತ್ತಿದ್ದುದು 20,000 ರೂಪಾಯಿ. ಅನ್ಯಾಯದ ಬೆಲೆಯೇ, ಆದರೂ ಈ ಒಂದು ಅನ್ಯಾಯವನ್ನು ಸಹಿಸಿಕೊಳ್ಳಿ ಎನ್ನುತ್ತೇವೆ.

ಸ್ಟೋರೇಜ್‌ನ ಅನ್ಯಾಯವನ್ನು ಮಾತ್ರ ಸಹಿಸಬೇಕಿಲ್ಲ. 256ರಿಂದ 512 ಜಿಬಿಗೆ ಏರಲೂ ಅದೇ 20,000 ಕೇಳುತ್ತಿದ್ದರು. 'ಬಾಲ್ಡರ್ಸ್ ಗೇಟ್ 3' ಒಂದಕ್ಕೇ 150 ಜಿಬಿ ಜಾಗ ಬೇಕಿರುವುದರಿಂದ 256 ಸಾಲದು ಎಂಬುದು ನಿಜ. ಆದರೆ ಮೆಮೊರಿಯಂತಲ್ಲದೆ ಇದನ್ನು ಹೊರಗಿನಿಂದ ಸೇರಿಸಬಹುದು. ಬೀಡಿಪೆಟ್ಟಿಗೆಯಷ್ಟು ಚಿಕ್ಕದಾದ 1 ಟಿಬಿ ಎಸ್ಎಸ್‌ಡಿಯನ್ನು ಕೊಂಡು ತಂತಿ ಚುಚ್ಚಿದರೆ, ಸ್ಟೀಮ್‌ನಲ್ಲಿ ಕೊಂಡ ಆಟಗಳನ್ನು ಅದರಲ್ಲೇ ಇಟ್ಟು ಆಡಬಹುದು. ಆಪಲ್‌ನ ಸ್ವಂತ ಆ್ಯಪ್ ಸ್ಟೋರ್ ಕೂಡ 2024ರ ಸಿಕೋಯಾ 15.1 ಆವೃತ್ತಿಯಿಂದ ದೊಡ್ಡ ಆಟಗಳನ್ನು ಹೊರಗಿನ ಡ್ರೈವ್‌ಗೆ ಇಳಿಸಲು ಬಿಡುತ್ತದೆ. ಕೊಳ್ಳುವಾಗ ಅದು ತಿರುಗುವ ತಟ್ಟೆಯ ಹಳೆಯ ಹಾರ್ಡ್‌ಡಿಸ್ಕ್ ಅಲ್ಲ, ಎಸ್ಎಸ್‌ಡಿಯೇ ಎಂಬುದನ್ನು ಖಚಿತಮಾಡಿಕೊಂಡರೆ ಆಯಿತು. ಮುಂದೆ ಮ್ಯಾಕ್ ಬದಲಿಸಿದರೂ ಡ್ರೈವ್ ನಿಮ್ಮಲ್ಲೇ ಉಳಿಯುತ್ತದೆ.

ಎರಡನೆಯ ಹಣ ಗಾಳಿಗೆ. ಈ ವಿಷಯವನ್ನು ಕ್ಯಾಲಿಫೋರ್ನಿಯಾದಲ್ಲಿ ಕುಳಿತು ಬರೆಯುವ ವಿಮರ್ಶಕರು ಎರಡು ಸಾಲಿನಲ್ಲಿ ಮುಗಿಸುತ್ತಾರೆ. ಚೆನ್ನೈ, ಹೈದರಾಬಾದು, ದೆಹಲಿಯಲ್ಲಿರುವ ನಮಗೆ ಇದು ಮುಖ್ಯ ವಿಷಯ. ಮ್ಯಾಕ್‌ಬುಕ್ ಏರ್‌ಗೆ ಫ್ಯಾನ್ ಇಲ್ಲ. ಟೈಪಿಂಗ್, ಓದು, ಸಿನಿಮಾಕ್ಕೆ ಅದು ವರವೇ, ಸದ್ದಿಲ್ಲ, ಧೂಳು ಹೋಗುವುದಿಲ್ಲ. ಭಾರೀ ಆಟ ಹಾಕಿದರೆ ಮಾತ್ರ ಕೆಲವೇ ನಿಮಿಷಗಳಲ್ಲಿ ಮೈ ಕಾದು, ತನ್ನನ್ನು ಕಾಪಾಡಿಕೊಳ್ಳಲು ಚಿಪ್ ವೇಗ ಇಳಿಸಿಕೊಳ್ಳುತ್ತದೆ. ಮೊದಲ ಹತ್ತು ನಿಮಿಷ ನೀರಿನಂತೆ ಹರಿದ ಆಟ ಆಮೇಲೆ ಕುಂಟುತ್ತದೆ. ಆಪಲ್ ತನ್ನ ಲ್ಯಾಪ್‌ಟಾಪುಗಳಿಗೆ ಗೊತ್ತುಮಾಡಿರುವ ಸುತ್ತಲಿನ ತಾಪಮಾನ 10ರಿಂದ 35 ಡಿಗ್ರಿ. ಮೇ ತಿಂಗಳ ಮಧ್ಯಾಹ್ನ ಚೆನ್ನೈಯ ಮೇಲಂತಸ್ತಿನ ಮನೆಯಲ್ಲಿ, ಎಸಿ ಇಲ್ಲದೆ, 35 ಡಿಗ್ರಿ ಎಂಬುದು ಕನಸು. ಬೇಸಗೆ ರಜೆಯಲ್ಲೇ ಮಕ್ಕಳು ಹೆಚ್ಚು ಆಡುವುದು ಎಂಬುದನ್ನೂ ಇದರೊಂದಿಗೆ ಸೇರಿಸಿ ನೋಡಿ. ಹಗುರ ಆಟಗಳ ಪಟ್ಟಿಯವರಿಗೆ ಏರ್ ಸಾಕು; ಭಾರೀ ಆಟಗಳವರಿಗೆ ಫ್ಯಾನ್ ಇರುವ ಯಂತ್ರವೇ ಆಗಬೇಕು.

ಫ್ಯಾನ್ ಇರುವ ಲ್ಯಾಪ್‌ಟಾಪ್ ಎಂದರೆ ಮ್ಯಾಕ್‌ಬುಕ್ ಪ್ರೊ. ಎಂ4 ಚಿಪ್‌ನ 14 ಇಂಚಿನದಕ್ಕೆ ಬಿಡುಗಡೆಯ ವೇಳೆ 1,69,900 ರೂಪಾಯಿ ಇತ್ತು. ಮಧ್ಯಮ ವರ್ಗದ ಮನೆಗೆ ಇದು ಭಾರ. ಆದರೆ ಫ್ಯಾನ್ ಇರುವ ಇನ್ನೊಂದು ಮ್ಯಾಕ್ ಇದೆ, ಅದನ್ನು ಜನ ಮರೆಯುತ್ತಾರೆ: ಮ್ಯಾಕ್ ಮಿನಿ. ಅಂಗೈಗಿಂತ ಸ್ವಲ್ಪ ದೊಡ್ಡದಾದ ಪೆಟ್ಟಿಗೆ. 2024ರ ಕೊನೆಗೆ ಎಂ4 ಚಿಪ್, 16 ಜಿಬಿ ಮೆಮೊರಿಯೊಂದಿಗೆ ಬಂದಾಗ ಬೆಲೆ 59,900 ರೂಪಾಯಿ. ಅದೇ ಚಿಪ್‌ನ ಏರ್ 99,900ಕ್ಕೆ ಶುರುವಾಗುತ್ತಿತ್ತು. ಗೇಮ್‌ಗೆ ಮ್ಯಾಕ್ ಯಾವುದೆಂದು ಒಂದೇ ಮಾತಿನಲ್ಲಿ ಕೇಳಿದರೆ ನಾವು ಮಿನಿ ಎನ್ನುತ್ತೇವೆ, 16 ಜಿಬಿಯದು ಅಥವಾ ಕೈಗೆಟುಕಿದರೆ 24 ಜಿಬಿಯದು. ಮಾನಿಟರ್, ಕೀಬೋರ್ಡ್, ಮೌಸ್ ಬೇರೆ ಕೊಳ್ಳಬೇಕು. ಕರೆಂಟು ಹೋದರೆ ತಟ್ಟನೆ ಆರಿಹೋಗುವುದರಿಂದ ಚಿಕ್ಕ ಯುಪಿಎಸ್ ಒಂದನ್ನು ಲೆಕ್ಕಕ್ಕೆ ಹಿಡಿಯಬೇಕು. ಕಾಲೇಜಿಗೆ ಒಯ್ಯಲು ಬರುವುದಿಲ್ಲ ಎಂಬುದು ನಿಜವಾದ ತೊಡಕು. ಹಾಸ್ಟೆಲಿನಲ್ಲಿರುವವರಿಗೆ ಈ ಸಲಹೆ ಹೊಂದುವುದಿಲ್ಲ. ಮನೆಯಿಂದಲೇ ಓದುವವರಿಗೆ, ಇಡೀ ಮನೆಗೆ ಒಂದೇ ಯಂತ್ರ ಬೇಕಾದವರಿಗೆ ಹೊಂದುತ್ತದೆ.

ಮಿನಿಯಲ್ಲೇ ಎಂ4 ಪ್ರೊ ಚಿಪ್‌ನ ಮಾದರಿಯೂ ಇದೆ, ಬಿಡುಗಡೆಯ ಬೆಲೆ 1,49,900. ಅಂಗಡಿಯವರು ಬೊಟ್ಟುಮಾಡುವುದು ಇದನ್ನೇ. ಇದರ ಗ್ರಾಫಿಕ್ಸ್ ಶಕ್ತಿ ಹೆಚ್ಚು, ಸಂಶಯವಿಲ್ಲ. ಆದರೆ ಎರಡರ ನಡುವಿನ ಅಂತರ 90,000 ರೂಪಾಯಿ. ಆ ಹಣದಲ್ಲಿ ಪ್ಲೇಸ್ಟೇಷನ್‌ನಂಥ ಒಂದು ಗೇಮ್ ಕನ್ಸೋಲ್ ಬರುತ್ತದೆ, ಕೆಲವು ಆಟಗಳೂ ಬರುತ್ತವೆ, ಉಳಿದದ್ದರಲ್ಲಿ ಕಪಾಟು ತುಂಬ ಪುಸ್ತಕ ಬರುತ್ತದೆ. ಸಿನಿಮಾ ಸಂಕಲನವೋ ಸಂಗೀತವೋ ಬೇರೆ ಭಾರದ ಕೆಲಸ ಇದ್ದವರು ಪ್ರೊ ಕೊಳ್ಳಲಿ. ಗೇಮ್‌ಗೆಂದೇ ಪ್ರೊ ಅಥವಾ ಮ್ಯಾಕ್ಸ್ ಚಿಪ್‌ಗೆ ಹಣ ಸುರಿಯುವುದು, ಮ್ಯಾಕ್‌ಗೆ ಬರುವ ಆಟಗಳ ಸಂಖ್ಯೆ ಇಂದಿರುವಷ್ಟೇ ಇರುವ ತನಕ, ಬಾವಿ ಕಿರಿದಾಗಿರುವಲ್ಲಿ ದೊಡ್ಡ ಕೊಡ ತಂದಂತೆ. ಚಿಪ್‌ನ ತಲೆಮಾರಿನ ಬಗ್ಗೆ ಒಂದೇ ಮಾತು: ಬೆಳಕು, ನೆರಳು, ಪ್ರತಿಬಿಂಬಗಳನ್ನು ನಿಜದಂತೆ ಲೆಕ್ಕಹಾಕುವ ರೇ ಟ್ರೇಸಿಂಗ್‌ಗೆ ಬೇಕಾದ ಯಂತ್ರಾಂಶ ಎಂ3ರಿಂದ ಈಚೆಗೆ ಮಾತ್ರ ಇದೆ. ಎಂ5 ಆಗಲೇ ಬಂದಿದೆ, ಎಂ6 ಬರುತ್ತದೆ, ಅದಕ್ಕಾಗಿ ಕಾಯಬೇಕಿಲ್ಲ.

ಮಾನಿಟರ್‌ನ ವಿಷಯದಲ್ಲಿ ಕನ್ನಡದ ಓದುಗರಿಗೆ ಒಂದು ವಿಶೇಷ ಸಂಕಟವಿದೆ. ಪೂರ್ಣ ಎಚ್‌ಡಿ ಪರದೆಯಲ್ಲಿ ಸುಮಾರು 20 ಲಕ್ಷ ಚುಕ್ಕಿಗಳು. 4ಕೆ ಪರದೆಯಲ್ಲಿ ಅದರ ನಾಲ್ಕು ಪಟ್ಟು, 83 ಲಕ್ಷದಷ್ಟು. ಆಟದ ದೃಷ್ಟಿಯಿಂದ ಚುಕ್ಕಿ ಕಡಿಮೆಯಿದ್ದಷ್ಟೂ ಚಿಪ್‌ಗೆ ಹಗುರ. ಹೀಗಾಗಿ ಗೇಮ್ ಬಲ್ಲ ಹುಡುಗರು ಅಗ್ಗದ ಎಚ್‌ಡಿ ಮಾನಿಟರ್ ಸಾಕೆನ್ನುತ್ತಾರೆ. ಆದರೆ ಅದೇ ಪರದೆಯಲ್ಲಿ ಸಂಜೆ ಕನ್ನಡ ಓದಬೇಕಲ್ಲ. ದೊಡ್ಡ ಎಚ್‌ಡಿ ಪರದೆಯಲ್ಲಿ ಮ್ಯಾಕ್‌ನ ಅಕ್ಷರಗಳು ಅಂಚು ಮಾಸಿದಂತೆ ಕಾಣುತ್ತವೆ. ಇಂಗ್ಲಿಷ್ ಅಕ್ಷರ ಅದನ್ನು ತಾಳಿಕೊಳ್ಳುತ್ತದೆ. ಕೆಳಗೆ ಒತ್ತು, ಅದರ ಪಕ್ಕ ವಟ್ರಸುಳಿ ಹೊತ್ತ ನಮ್ಮ ಅಕ್ಷರ ತಾಳಿಕೊಳ್ಳುವುದಿಲ್ಲ. 'ಸ್ತ್ರೀ' ಎಂಬುದು ಒಂದು ಕಪ್ಪು ಮುದ್ದೆಯಾಗುತ್ತದೆ. ನಮ್ಮ ಸಲಹೆ 4ಕೆ ಮಾನಿಟರ್ ಕೊಂಡು, ಆಟದ ಒಳಗಿನ ಸೆಟ್ಟಿಂಗ್‌ನಲ್ಲಿ ಮಾತ್ರ ಚುಕ್ಕಿಗಳನ್ನು ಕಡಿಮೆ ಮಾಡಿಕೊಳ್ಳುವುದು. ಕಡಿಮೆ ಚುಕ್ಕಿಯಲ್ಲಿ ಬಿಡಿಸಿದ ಚಿತ್ರವನ್ನು ಹಿಗ್ಗಿಸಿ ತಿದ್ದುವ ಮೆಟಲ್‌ಎಫ್ಎಕ್ಸ್ ಎಂಬ ವಿಧಾನ ಹಲವು ಹೊಸ ಆಟಗಳಲ್ಲಿದೆ. ಅದನ್ನು ಚಾಲೂ ಮಾಡಿದರೆ ಕಣ್ಣಿಗೆ ವ್ಯತ್ಯಾಸ ಅಷ್ಟಾಗಿ ತಿಳಿಯದು. ಆಟದಲ್ಲಿ ಗೋಡೆಯ ಇಟ್ಟಿಗೆ ತುಸು ಮಂಜಾದರೆ ನಷ್ಟವಿಲ್ಲ, ಓದಿನಲ್ಲಿ ಒತ್ತಕ್ಷರ ಮಂಜಾದರೆ ನಷ್ಟವಿದೆ.

ಮೌಸ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಆಪಲ್‌ನ ಮ್ಯಾಜಿಕ್ ಮೌಸ್ ನೋಡಲು ಚೆಂದ. ಬಲಗುಂಡಿ ಒತ್ತಲು ಎಡಬೆರಳನ್ನು ಎತ್ತಬೇಕು, ಎರಡನ್ನೂ ಒಟ್ಟಿಗೆ ಒತ್ತಲಾಗದು, ಚಾರ್ಜ್ ಮಾಡುವ ತೂತು ಹೊಟ್ಟೆಯ ಕೆಳಗಿದೆ. ಐನೂರು ರೂಪಾಯಿಯ ಯಾವುದೇ ತಂತಿಯ ಮೌಸ್ ಆಟಕ್ಕೆ ಅದಕ್ಕಿಂತ ಮೇಲು. ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್‌ಗಳ ಕಂಟ್ರೋಲರುಗಳು ಬ್ಲೂಟೂತ್ ಮೂಲಕ ಮ್ಯಾಕ್‌ಗೆ ಸೇರುತ್ತವೆ.

ಇಷ್ಟು ಹೇಳಿದ ಮೇಲೆ ಜಾಣ ಹುಡುಗರು ಒಂದು ಆಕ್ಷೇಪ ಎತ್ತುತ್ತಾರೆ: ವಿಂಡೋಸ್ ಗೇಮ್‌ಗಳನ್ನೇ ಮ್ಯಾಕ್‌ನಲ್ಲಿ ನಡೆಸಬಹುದಲ್ಲ, ಮ್ಯಾಕ್‌ಗೆಂದೇ ಬರುವುದನ್ನು ಏಕೆ ಕಾಯಬೇಕು? ನಡೆಸಬಹುದು. ಕ್ರಾಸ್‌ಓವರ್ ಎಂಬ ತಂತ್ರಾಂಶವನ್ನು ಹಣಕೊಟ್ಟು ಕೊಂಡರೆ ಎಷ್ಟೋ ವಿಂಡೋಸ್ ಆಟಗಳು ತೆರೆದುಕೊಳ್ಳುತ್ತವೆ. 2023ರಲ್ಲಿ ಆಪಲ್ ತಯಾರಕರಿಗೆಂದು ಬಿಟ್ಟ ಗೇಮ್ ಪೋರ್ಟಿಂಗ್ ಟೂಲ್‌ಕಿಟ್‌ನಿಂದ ಈ ದಾರಿ ಇನ್ನೂ ಅಗಲವಾಯಿತು. ಒಳಗೆ ನಡೆಯುವುದು ಅನುವಾದ. ವಿಂಡೋಸ್‌ನ ಗ್ರಾಫಿಕ್ಸ್ ಭಾಷೆ ಆಪಲ್‌ನ ಮೆಟಲ್ ಭಾಷೆಗೆ ಬದಲಾಗುತ್ತದೆ. ಇಂಟೆಲ್ ಚಿಪ್‌ಗೆ ಬರೆದ ಆದೇಶಗಳನ್ನು ರೊಸೆಟ್ಟಾ 2 ಎಂಬ ದುಭಾಷಿ ಆಪಲ್ ಚಿಪ್‌ಗೆ ತಿಳಿಯಹೇಳುತ್ತದೆ. ರಷ್ಯನ್ ಕಾದಂಬರಿಗಳನ್ನು ಇಂಗ್ಲಿಷಿನ ಮೂಲಕ ಕನ್ನಡದಲ್ಲಿ ಓದಿ ಬೆಳೆದ ನಮಗೆ ಅನುವಾದದ ಅನುವಾದದ ಮೇಲೆ ತಿರಸ್ಕಾರವಿಲ್ಲ. ಎಷ್ಟೋ ಸಲ ಅದು ಬೆರಗಾಗುವಷ್ಟು ಚೆನ್ನಾಗಿ ನಡೆಯುತ್ತದೆ. ಆದರೆ ಅದಕ್ಕೆ ಮೆಮೊರಿ ಹೆಚ್ಚು ಬೇಕು, ವೇಗ ಕಡಿಮೆಯಾಗುತ್ತದೆ, ಮೋಸ ತಡೆಯಲು ಯಂತ್ರದ ಬುಡಕ್ಕೇ ಇಳಿಯುವ ಕಾವಲು ತಂತ್ರಾಂಶವಿರುವ ಆನ್‌ಲೈನ್ ಆಟಗಳು ನಡೆಯುವುದೇ ಇಲ್ಲ. ಅದಕ್ಕೂ ಮಿಗಿಲಾಗಿ, ದುಭಾಷಿಯ ಆಯುಸ್ಸು ಗೊತ್ತಾಗಿದೆ. ರೊಸೆಟ್ಟಾ ಪೂರ್ಣರೂಪದಲ್ಲಿ ಮ್ಯಾಕ್ಓಎಸ್ 27ರವರೆಗೆ ಮಾತ್ರ ಇರುತ್ತದೆ, ಆಮೇಲೆ ಪಾಲನೆ ನಿಂತುಹೋದ ಕೆಲವು ಹಳೆಯ ಆಟಗಳಿಗಾಗಿ ಅದರ ಒಂದಂಶವನ್ನಷ್ಟೇ ಉಳಿಸುತ್ತೇವೆ ಎಂದು ಆಪಲ್ 2025ರ ಜೂನಿನಲ್ಲಿ ಹೇಳಿದೆ. 2019ರ ನೆನಪಿರುವವರಿಗೆ ಈ ಮಾತಿನ ಧ್ವನಿ ಪರಿಚಿತ. ಆದ್ದರಿಂದ ಅನುವಾದದಿಂದ ಸಿಗುವ ಆಟವನ್ನು ಹಬ್ಬದ ಮೇಲಿನ ಹೋಳಿಗೆಯಂತೆ ಸವಿಯಬಹುದು. ಯಂತ್ರ ಕೊಳ್ಳುವ ನಿರ್ಧಾರವನ್ನು ಅದರ ಮೇಲೆ ನಿಲ್ಲಿಸುವುದು ಸಲ್ಲದು ಎಂಬುದರಲ್ಲಿ ನಾವು ದೃಢವಾಗಿದ್ದೇವೆ.

ಹಳೆಯ ಮ್ಯಾಕ್ ಕೊಳ್ಳುವವರಿಗೂ ಇದೇ ಮಾತು ಇನ್ನೊಂದು ರೀತಿಯಲ್ಲಿ ಅನ್ವಯಿಸುತ್ತದೆ. ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆ, ಚೆನ್ನೈಯ ರಿಚಿ ಸ್ಟ್ರೀಟ್, ದೆಹಲಿಯ ನೆಹರೂ ಪ್ಲೇಸ್, ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರ್‌ಗಳಲ್ಲಿ ಥಳಥಳಿಸುವ ಇಂಟೆಲ್ ಮ್ಯಾಕ್‌ಗಳನ್ನು "ಇದರಲ್ಲಿ ವಿಂಡೋಸ್ ಕೂಡ ಹಾಕಿಕೊಡ್ತೀವಿ, ಗೇಮ್ ಎಲ್ಲ ನಡೆಯುತ್ತೆ" ಎಂದು ತೋರಿಸುತ್ತಾರೆ. ಮಾತು ಅರ್ಧ ನಿಜ. ಆದರೆ ಮ್ಯಾಕ್ಓಎಸ್ 26 ಇಂಟೆಲ್ ಯಂತ್ರಗಳಿಗೆ ಕೊನೆಯದು, ಅದೂ ಕೆಲವಕ್ಕೆ ಮಾತ್ರ. ಮೇಲೆ ಹೇಳಿದ 'ಸೈಬರ್‌ಪಂಕ್'ನಂಥ ಹೊಸ ಮ್ಯಾಕ್ ಆಟಗಳು ಆಪಲ್ ಚಿಪ್ ಇಲ್ಲದೆ ನಡೆಯುವುದಿಲ್ಲ. ಹೊರಗಿನಿಂದ ಗ್ರಾಫಿಕ್ಸ್ ಕಾರ್ಡ್ ಸೇರಿಸುವ ಪೆಟ್ಟಿಗೆಯನ್ನೂ ಕೆಲವರು ಜೊತೆಗೆ ಮಾರುತ್ತಾರೆ. ಅದು ಇಂಟೆಲ್ ಮ್ಯಾಕ್‌ಗೆ ಮಾತ್ರ ಹೊಂದುತ್ತದೆ, ಎಂ ಸರಣಿಯ ಯಾವ ಯಂತ್ರಕ್ಕೂ ಹೊಂದುವುದಿಲ್ಲ. ಹಳೆಯದೇ ಬೇಕಾದರೆ 16 ಜಿಬಿಯ ಎಂ1 ಅಥವಾ ಎಂ2 ಮಿನಿ, ಇಲ್ಲವೇ ಎಂ1 ಪ್ರೊ ಚಿಪ್‌ನ ಮ್ಯಾಕ್‌ಬುಕ್ ಪ್ರೊ ಹುಡುಕುವುದು ಮೇಲು. ಎರಡಕ್ಕೂ ಫ್ಯಾನ್ ಇದೆ. ಬೀದಿಗೆ ಬರುವ ಇಂಥ ಯಂತ್ರಗಳಲ್ಲಿ ಕಂಪನಿಗಳು ನೌಕರರಿಂದ ಹಿಂಪಡೆದು ಮಾರಿದವು ಬಹಳ. ಹಣ ಕೊಡುವ ಮುನ್ನ ಅಂಗಡಿಯಲ್ಲೇ ಕುಳಿತು, ಯಂತ್ರವನ್ನು ಪೂರ್ತಿ ಅಳಿಸಿ, ವೈಫೈಗೆ ಜೋಡಿಸಿ, ಹೊಸದರಂತೆ ಮೊದಲಿನಿಂದ ಶುರುಮಾಡಿಸಿ ನೋಡಬೇಕು. ಹಿಂದಿನ ಒಡೆಯರ ಆಪಲ್ ಐಡಿ ಕೇಳಿದರೆ, ಅಥವಾ ಈ ಯಂತ್ರ ಇಂಥ ಸಂಸ್ಥೆಯ ನಿರ್ವಹಣೆಯಲ್ಲಿದೆ ಎಂಬ ಸಾಲು ಕಂಡರೆ, ಎಷ್ಟೇ ಅಗ್ಗವಾದರೂ ಮುಚ್ಚಿಟ್ಟು ಎದ್ದು ಬರುವುದು. ಅರ್ಧ ಗಂಟೆ ಹಿಡಿಯುವ ಕೆಲಸ. ಬೇಸರಪಡುವ ಅಂಗಡಿಯವನಿಂದ ಕೊಳ್ಳದಿದ್ದರಾಯಿತು.